ಚೂರಿಗಾರನ ಕಣ್ಣು

ಮೂರನೇ ಚೂರಿ, ಹಲಗೆಗೆ ಒರಗಿ ನಿಂತಿದ್ದ ಚೂರಿಗಾರನ ಹೆಂಡತಿಯ ಕಿವಿಯ ತುದಿಯನ್ನೂ ಸೇರಿಸಿಕೊಂಡೇ ನಾಟಿತು. ರಕ್ತ ಕತ್ತಿನಿಂದ ಅಂಗಿಯೊಳಕ್ಕೆ ಇಳಿಯಿತು. ಅದೂ ಆಟವೆಂದುಕೊಂಡ ಜನ ಶಿಳ್ಳೆ ಹೊಡೆದರು.

ಡೇರೆಯ ಹಿಂದೆ ಅವಳ ತಮ್ಮ, ಸರ್ಕಸ್ಸಿನ ಕೋಡಂಗಿ, ಬಣ್ಣ ಬಳಿದ ಮುಖದಲ್ಲೇ ಚೂರಿಗಾರನ ಕೊರಳಪಟ್ಟಿ ಹಿಡಿದು ಕಂಬಕ್ಕೆ ಚಚ್ಚಿದ. ಒಂದು ಸಲ. ಎರಡು ಸಲ. ಮೂಗು ಒಡೆಯಿತು.

"ಹೋದ ತಿಂಗಳು ಭುಜ, ಮೊನ್ನೆ ತೊಡೆ, ಇವತ್ತು ಕಿವಿ. ಮುಂದಿನ ಸಲ ಏನು ಭಾವ, ಕತ್ತಾ? ಕೊಲ್ಲೋದಾದ್ರೆ ಮನೇಲೇ ಕೊಲ್ಲು, ಜನ ಸೇರಿಸಿ ಕೊಲ್ಲಬೇಡ!"

"ಬಿಡೋ ಅವರನ್ನ," ಎಂದಳು ಅಕ್ಕ, ಕಿವಿಗೆ ಬಟ್ಟೆ ಒತ್ತಿಕೊಂಡು. "ಇನ್ನೊಂದು ಕಿವಿ ಇದೆಯಲ್ಲ."

"ಕಣ್ಣು ಸರಿಮಾಡ್ಕೋ ಭಾವ. ಒಂದು ತಿಂಗಳು ಟೈಮು, ಅಲ್ಲೀವರೆಗೂ ಚೂರಿ ಮುಟ್ಟಬೇಡ. ಆಮೇಲೆ ಅಕ್ಕನ ಮೇಲೆ ಒಂದು ಗೀರು ಬಿತ್ತೋ, ಅದೇ ಚೂರಿ ನಿನ್ನ ಹೊಟ್ಟೇಲಿರತ್ತೆ."

ಕನ್ನಡಕ ಹಾಕಿದ ಚೂರಿಗಾರನನ್ನು ಯಾರು ನಂಬುತ್ತಾರೆ? ಅವನು ಹೋದದ್ದು ಕಣ್ಣಿನ ವ್ಯಾಯಾಮ ಹೇಳಿಕೊಡುವ ಮಾಸ್ತರರ ಬಳಿ.

"ಎಷ್ಟು ದಿನದಿಂದ ಮಸುಕು?"

"ಚಿಕ್ಕಂದಿನಿಂದ ಹೀಗೇ ಮಾಸ್ತರೇ. ಆದ್ರೂ ಹನ್ನೆರಡು ವರ್ಷ ಎಸೆದಿದೀನಿ, ಇವಳಿಗೆ ಒಂದು ಗೀರು ಬಿದ್ದಿರಲಿಲ್ಲ. ಕೈಗೆ ಅಷ್ಟು ಅಭ್ಯಾಸ. ಈ ವರ್ಷ ಏನು ಹಾಳಾಯ್ತೋ!"

"ಕಣ್ಣು ಬಿಗೀತಾ ಇದೀರಿ. ಬಿಗಿದ್ರೆ ಕಾಣೋದೂ ಕಾಣಲ್ಲ. ಸಡಿಲ ಬಿಡಿ."

ಅಂಗೈ ಉಜ್ಜಿ ಬಟ್ಟಲಿನಂತೆ ಕಣ್ಣಿಗೆ ಮುಚ್ಚಿ ಕಪ್ಪು ಬಣ್ಣವನ್ನೇ ನೋಡಬೇಕು. ಅವನಿಗೆ ಕೆಂಪು ಕಾಣುತ್ತಿತ್ತು: ತೂತಾದ ಭುಜ, ಸೀಳಿದ ತೊಡೆ. ಉಸಿರು ಬಿಡಬೇಕು. ಕಿಟಕಿಯಾಚೆಯ ನೀರಿನ ತೊಟ್ಟಿ ನೋಡಬೇಕು, ಬೆರಳ ತುದಿ ನೋಡಬೇಕು, ಮತ್ತೆ ತೊಟ್ಟಿ. ಕೊನೆಗೆ ಗೋಡೆಯ ಅಕ್ಷರದ ಪಟ.

ಹೆಂಡತಿ ದಿನಾ ಅವನ ತೋಳು ಹಿಡಿದು ಬರುತ್ತಿದ್ದಳು. ದಿನಾ ಅದೇ ಹೊಸ್ತಿಲು ಎಡವಿ, ಹೊಸ್ತಿಲಿಗೇ ಬೈಯುತ್ತಿದ್ದಳು.

"ನೀವೂ ಮಾಡಬಹುದಲ್ಲಮ್ಮಾ," ಎಂದರು ಮಾಸ್ತರು.

"ನಂದೇನು ಕೆಲಸ ಮಾಸ್ತರೇ? ಸುಮ್ನೆ ನಿಂತ್ಕೊಳ್ಳೋದು. ಅದಕ್ಕೆ ಕಣ್ಯಾಕೆ?"

ಮೂವರೂ ನಕ್ಕರು. ಆದರೂ ಅವನು ಕಣ್ಣು ಮುಚ್ಚಿದಾಗಲೆಲ್ಲ ಅವಳೂ ಮುಚ್ಚುತ್ತಿದ್ದಳು.

ತಿಂಗಳು ಮುಗಿಯುವಷ್ಟರಲ್ಲಿ ಅವನು ಪಟದ ಕೆಳಗಿನ ಸಾಲು ಓದಿದ. ಬಾಯಿಪಾಠವಿರಬಹುದೆಂದು ಮಾಸ್ತರು ಪಟವನ್ನೇ ಬದಲಿಸಿದರು. ಅದನ್ನೂ ಓದಿದ. ಹೆಂಡತಿ ಕುಣಿಯುವುದೊಂದು ಬಾಕಿ.

ಮಧ್ಯಾಹ್ನದ ಆಟ. ಪರದೆಯ ಪಕ್ಕ ಕೋಡಂಗಿ ತೋಳು ಕಟ್ಟಿ ನಿಂತಿದ್ದ. ಬಣ್ಣದಲ್ಲಿ ನಗು, ಕಣ್ಣಲ್ಲಿ ಇಲ್ಲ. ಆಟದ ಪದ್ಧತಿ ಒಂದೇ: ಮೂರು ಚೂರಿ, ಒಂದೇ ಉಸಿರು, ನಡುವೆ ನಿಲ್ಲುವಂತಿಲ್ಲ.

ಚೂರಿಗಾರ ಕಣ್ಣು ಸಡಿಲ ಬಿಟ್ಟ. ಕೈ ಹನ್ನೆರಡು ವರ್ಷದ ಹಳೆಯ ದಾರಿ ಹಿಡಿಯಿತು.

ಮೊದಲ ಚೂರಿ ಹೋಗುವುದನ್ನು ಅವನು ಜೀವನದಲ್ಲಿ ಮೊದಲ ಸಲ ಕಂಡ. ಅದು ನೇರವಾಗಿ ಅವಳ ಗಂಟಲಿಗೇ ಹೋಗುತ್ತಿತ್ತು. ಅವಳ ತಲೆ ಚೂರು ವಾಲಿತು. ಠಕ್! ಕತ್ತಿನ ಪಕ್ಕದಲ್ಲಿ ನಾಟಿತು. ಜನ ಚಪ್ಪಾಳೆ ತಟ್ಟಿದರು.

ಎರಡನೆಯದು ನೇರವಾಗಿ ಪಕ್ಕೆಲುಬಿಗೆ. ಅವಳು ಸರಿದಳು, ಆದರೆ ತಡವಾಗಿ. ಅಂಗಿ ಹರಿದು ಚರ್ಮ ಸೀಳಿತು.

"ಭಾವಾ!" ಕೋಡಂಗಿ ನುಗ್ಗಿ ಬಂದ.

ಮೂರನೆಯದು ಆಗಲೇ ಕೈ ಬಿಟ್ಟಿತ್ತು. ಅವಳು ಕಣ್ಣು ಕಿರಿದಾಗಿಸಿ ಚೂರಿಯನ್ನು ಹುಡುಕುತ್ತಿದ್ದಳು, ಅದು ಬರದ ಕಡೆ. ಈ ಸಲ ಹಲಗೆ ಠಕ್ಕೆನ್ನಲಿಲ್ಲ.

ಹನ್ನೆರಡು ವರ್ಷದಲ್ಲಿ ಅವನು ಒಂದೇ ಒಂದು ಸಲವೂ ಸರಿಯಾಗಿ ಎಸೆದಿರಲಿಲ್ಲ. ಬರುವ ಚೂರಿಯನ್ನು ನೋಡಿ ಪಕ್ಕಕ್ಕೆ ಸರಿಯುತ್ತಿದ್ದದ್ದು ಅವಳು, ಮತ್ತು ಈ ವರ್ಷ ಕಣ್ಣು ಕೆಟ್ಟದ್ದು ಅವಳದು.