ಬಳೆಗಾರನ ತಂಗಿ

ಬಸ್ಸಿನಲ್ಲಿ, ಅಂಗಡಿಯಲ್ಲಿ, ಫೋನಿನಲ್ಲಿ ಗುರುತಿಲ್ಲದವರೆಲ್ಲ ‘ತಂಗೀ’ ಎಂದು ಕರೆದು ಕರೆದು ನನಗೆ ಸಾಕಾಗಿದೆ. ಆದರೂ ಇವತ್ತು ರೋಣದ ಬಳೆ ಅಂಗಡಿಯವನೂ ಹಾಗೇ ಕರೆದಾಗ, ಸಾಬೂನು ನೀರಿನ ವಾಸನೆ ಬಂದದ್ದೇ ತಡ, ಸಿಡುಕದೆ ಕೈ ಕೊಟ್ಟೆ.

ಜಕ್ಕಲಿಯ ನಮ್ಮ ಮನೆಗೆ ನಾಗರ ಪಂಚಮಿಯ ಹೊತ್ತಿಗೆ ಬರುತ್ತಿದ್ದ ಬಳೆಗಾರ ಎಲ್ಲ ಹೆಂಗಸರಿಗೂ ‘ತಂಗಿ’ ಎನ್ನುತ್ತಿದ್ದ. ಅವ್ವನಿಗೆ ಅದು ಸೇರುತ್ತಿರಲಿಲ್ಲ. “ನನಗ ಒಡಹುಟ್ಟಿದಾಂವ ಅದಾನ್ರಿ. ನೀವು ಬಳಿ ಇಡಸ್ರಿ, ಸಾಕು,” ಎನ್ನುತ್ತಿದ್ದಳು. ಅವಳ ಅಣ್ಣ ಪ್ರತಿ ಪಂಚಮಿಗೂ ಹೊಳೆಆಲೂರಿನಿಂದ ಬಂದು ಅವಳನ್ನು ತವರಿಗೆ ಕರೆದೊಯ್ಯುತ್ತಿದ್ದ.

ತವರಿನ ಹೊಲದ ಮಾತಿಗೆ ಅವರಿಬ್ಬರಿಗೂ ಮುನಿಸಾದ ವರ್ಷ ಅವನು ಬರಲಿಲ್ಲ. ಅವ್ವ ಕಟ್ಟಿಟ್ಟ ಚೀಲ ಹಬ್ಬದ ದಿನ ಮಧ್ಯಾಹ್ನವಾದರೂ ಬಾಗಿಲ ಹಿಂದೆಯೇ ಇತ್ತು. ಆಗ ಬಳೆಗಾರ ಬಂದ. ಕೆಲಸ ಮಾಡಿ ಒರಟಾದ ಅವಳ ಗೆಣ್ಣುಗಳಿಗೆ ಸಾಬೂನು ನೀರು ಸವರಿ, “ತಂಗೀ, ಕೈ ಸಡ್ಲ ಬಿಡವಾ,” ಎಂದ.

ಅವ್ವ ಕೈ ಸಡಿಲ ಬಿಟ್ಟಳು. ಪಕ್ಕದಲ್ಲಿದ್ದ ಅಜ್ಜಿ, ಅವಳ ಅತ್ತೆ, ನಕ್ಕಳು. “ಊರಾಗಿನ ಹೆಣ್ಮಕ್ಕಳೆಲ್ಲಾ ಇವನ ತಂಗೇರ.”

“ಅನ್ಲಿ ಬಿಡ್ರಿ ಅತ್ತಿ,” ಎಂದಳು ಅವ್ವ. “ಈ ವರ್ಷ ಹಂಗ ಅಂದಾಂವ ಇವನೊಬ್ಬನ.”

ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.