ಮಹಾನಂದಾಳ ದನಿ

ಧೂಳಿನ ಕಾಲ ಕಳೆದ ಮೇಲೆ ಆ ಊರಿನಲ್ಲಿ ಯಾರ ಗಂಟಲಿನಿಂದಲೂ ಮಾತು ಹೊರಡುತ್ತಿರಲಿಲ್ಲ. ಉಳ್ಳವರು ಕಂಪನಿಯ ದನಿಪೆಟ್ಟಿಗೆಯನ್ನು ಕೊರಳಿಗೆ ಕಟ್ಟಿಕೊಂಡರು. ಉಳಿದವರಿಗಾಗಿ ಬಸಲಿಂಗವ್ವನ ಮಗಳು ಮಹಾನಂದಾ, ತನ್ನ ಗಂಟಲು ಪೂರ್ತಿ ಕಟ್ಟುವ ಮೊದಲೇ ದನಿಯನ್ನು ಹಿಡಿದಿಟ್ಟು, ಯಾವ ಅಗ್ಗದ ಪೆಟ್ಟಿಗೆಯಲ್ಲಾದರೂ ನುಡಿಯುವ ತಂತ್ರಾಂಶ ಮಾಡಿ ಪುಕ್ಕಟೆ ಬಿಟ್ಟುಕೊಟ್ಟು ಸತ್ತಿದ್ದಳು. ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು ಎಂಬುದೊಂದೇ ಅದರ ಕರಾರು.

ಹಾಗಾಗಿ ಓಣಿಯ ತುಂಬ ಅವಳದೇ ದನಿ. ಸೊಪ್ಪಿನವನು ಅದರಲ್ಲೇ ಕೂಗುತ್ತಿದ್ದ. ಗಿರಿಜಾ ಮೀಸೆಯ ದುರಗಪ್ಪ ಅದರಲ್ಲೇ ಸೊಸೆಯನ್ನು ಬೈಯುತ್ತಿದ್ದ. ಬಸಲಿಂಗವ್ವ ಮಾತ್ರ ಪೆಟ್ಟಿಗೆ ಕಟ್ಟಿಕೊಳ್ಳಲಿಲ್ಲ. ಸತ್ತ ಮಗಳ ದನಿಯಲ್ಲಿ ಚಹಾ ಕೇಳುವುದು ಅವಳಿಂದಾಗದ ಮಾತು.

ಇವತ್ತು ಓಣಿ ಕೆಡವುವ ಯಂತ್ರ ಬಂತು. ಯಾರೂ ಏಳಬಾರದೆಂದು ಮಾತಾಡಿಕೊಂಡು ಎಲ್ಲರೂ ತಂತಮ್ಮ ಹೊಸ್ತಿಲ ಮೇಲೆ ಕೂತಿದ್ದರು. ಮೊದಲ ಮನೆ ಬಸಲಿಂಗವ್ವನದು. ಯಂತ್ರದೊಳಗೆ ಮನುಷ್ಯರಿರಲಿಲ್ಲ. ಅದು ಅವಳೆದುರು ಬಂದು ನಿಂತು ಕರೆಯಿತು.

“ಅವ್ವಾ, ಏಳು. ಹೊರಗ ಬಾ.”

ಪುಕ್ಕಟೆ ಸಿಗುವ ದನಿಯನ್ನು ಯಂತ್ರದವರೂ ಬಿಟ್ಟಿರಲಿಲ್ಲ.

ಬಸಲಿಂಗವ್ವ ಹೊಸ್ತಿಲನ್ನು ಬಿಗಿಯಾಗಿ ಹಿಡಿದಳು. ಪಕ್ಕದ ಹೊಸ್ತಿಲಿನಿಂದ ದುರಗಪ್ಪ ಅಂಗಲಾಚಿದ: “ಅವ್ವಾ, ಏಳಬ್ಯಾಡ. ನೀ ಎದ್ದರ ಎಲ್ಲಾರೂ ಏಳತಾರ.”

ಅದೂ ಮಹಾನಂದಾಳದೇ ದನಿ.

“ಅವ್ವಾ, ಬಾ ಅಂದೆ,” ಎಂದಿತು ಯಂತ್ರ, ಓಣಿಯೇ ನಡುಗುವಂತೆ.

ಮುದುಕಿ ಎರಡೂ ಕಡೆ ನೋಡಿದಳು. ಕೊನೆಯ ದಿನಗಳಲ್ಲಿ ಮಗಳಿಗೆ ಅವ್ವನನ್ನು ಕರೆಯುವಷ್ಟೂ ಉಸಿರಿರಲಿಲ್ಲ. ಈಗ ಎಷ್ಟು ಗಟ್ಟಿಯಾಗಿ ಕರೆಯುತ್ತಿದ್ದಾಳೆ!

ಬಸಲಿಂಗವ್ವ ಸೆರಗು ಸರಿಮಾಡಿಕೊಂಡು ಎದ್ದು, ಗಟ್ಟಿಯಾಗಿ ಕರೆದವಳ ಕಡೆಗೆ ನಡೆದಳು.