ಮೂತಿಗೆ ಬೇಕಾದ ಭಾರ

ಅತ್ತೆಗೆ ಮುಂದಿನ ಆರು ಹಲ್ಲು ಇರಲಿಲ್ಲ. ಕಂಡಕ್ಟರ್ ಕೆಲಸದಲ್ಲಿದ್ದಾಗ ಬಸ್ಸು ಗಕ್ಕನೆ ನಿಂತು, ಮುಖ ಕಂಬಿಗೆ ಬಡಿದು ಉದುರಿಹೋಗಿದ್ದವು. ಆ ಜಾಗದಲ್ಲಿ ಈಗ ಉಕ್ಕಿನ ತಗಡಿನ, ಕೊಕ್ಕೆಯಿಂದ ಸಿಕ್ಕಿಸಿಕೊಳ್ಳುವ ಹಳೇ ಸೆಟ್ಟು ಇತ್ತು. ಹಲ್ಲಿನ ಲ್ಯಾಬಿನಲ್ಲಿ ದುಡಿಯುವ ಸೊಸೆ ಹಗುರವಾದ ಹೊಸದೊಂದನ್ನು ಮಾಡಿಕೊಟ್ಟಿದ್ದಳು. ಅದು ಅಡುಗೆಮನೆಯ ಕಿಟಕಿಯಲ್ಲಿ, ನೀರಿನ ಲೋಟದಲ್ಲಿ ಮುಳುಗಿ ಕೂತಿತ್ತು. ಹೊಸದರಲ್ಲಿ ಸಂದಿ ಇಲ್ಲ, ಸಂದಿ ಇಲ್ಲದೆ ಸಿಳ್ಳೆ ಬರುವುದಿಲ್ಲ, ಸಿಳ್ಳೆ ಬರದ ಬಾಯಿ ಬಾಯಿಯೇ ಅಲ್ಲ. ಅತ್ತೆಯ ವಾದ ಇಷ್ಟೇ.

ಆ ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಸೊಸೆ ಅಂಟಿಸಿ ಕಟ್ಟಿದ ಪುಟ್ಟ ವಿಮಾನ ಅಂಡೂರಿ ಕೂತಿತ್ತು.

"ಇದೇನೇ, ತಟ್ಟೆ ಮುಂದೆ ನಾಯಿ ಕೂತ ಹಾಗೆ ಕೂತಿದೆ?" ಎಂದರು ಅತ್ತೆ.

ಸೊಸೆ ಅದರ ಮೂತಿ ಒತ್ತಿ ಕೈಬಿಟ್ಟಳು; ಅದು ಮತ್ತೆ ಅಂಡೂರಿತು. ಅದೊಂದು ವಿಚಿತ್ರ ಯುದ್ಧವಿಮಾನದ ಮಾದರಿ. ಪ್ರೊಪೆಲರ್ ಇರುವುದು ಹಿಂದೆ, ಬಾಲದಲ್ಲಿರಬೇಕಾದ ಪುಟ್ಟ ರೆಕ್ಕೆ ಮೂತಿಯಲ್ಲಿ. "ಹಿಂದುಮುಂದಾಗಿ ಅಂಟಿಸಿದ್ದೀಯಲ್ಲ" ಎಂದು ಮನೆಗೆ ಬಂದವರೆಲ್ಲ ಬುದ್ಧಿ ಹೇಳಿ ಹೋಗಿದ್ದರು. ಅವಳು ತಿಂಗಳುಗಟ್ಟಲೆ ಉಜ್ಜಿ, ಬೆನ್ನಿಗೆ ಹಸಿರು, ಹೊಟ್ಟೆಗೆ ಬೂದು ಬಳಿದು, ಮೂತಿಯ ಮೇಲೆ ಶಾರ್ಕಿನ ಬಾಯಿ ಬರೆದಿದ್ದಳು. ಹಲ್ಲು ಬರೆಯುವುದರಲ್ಲಿ ಅವಳನ್ನು ಮೀರಿಸುವವರುಂಟೇ? ಒಂದೊಂದೂ ಕಚ್ಚುವಂತಿತ್ತು. ಆದರೆ ಹಲ್ಲಿನ ಸಡಗರದಲ್ಲಿ ಮುಖ್ಯವಾದದ್ದನ್ನೇ ಮರೆತಿದ್ದಳು. ಹಿಂಭಾಗ ಭಾರವಾದ ಇಂಥ ವಿಮಾನದ ಎರಡು ಹೋಳುಗಳನ್ನು ಅಂಟಿಸುವ ಮೊದಲು ಮೂತಿಯೊಳಗೆ ಸೀಸ ತುಂಬಬೇಕು. ಮಧ್ಯಾಹ್ನ ಮಾದರಿ ಕಟ್ಟುವವರ ಸಂಘದ ಪ್ರದರ್ಶನ. ತನ್ನ ಗಾಲಿಗಳ ಮೇಲೆ ತಾನೇ ನಿಲ್ಲದ ವಿಮಾನಕ್ಕೆ ಅಲ್ಲಿ ಜಾಗವಿಲ್ಲ. ಭಾನುವಾರವಾದ್ದರಿಂದ ಅಂಗಡಿಗಳೂ ಮುಚ್ಚಿದ್ದವು.

ಮುಂದಿನ ಗಾಲಿಯ ಗೂಡಿನಲ್ಲೊಂದು ತೂತಿತ್ತು, ಕಿರುಬೆರಳು ಹೋಗುವಷ್ಟು. ಅದರೊಳಗೆ ಅವಳು ಕ್ಯಾಲೆಂಡರಿನ ಮೊಳೆ ಹಾಕಿದಳು, ಕನ್ನಡಿಯ ಮೊಳೆ ಹಾಕಿದಳು, ಗಡಿಯಾರದ ಮೊಳೆಯನ್ನೂ ಕಿತ್ತು ಹಾಕಿದಳು. ಗೋಡೆಯ ಮೇಲೆ ಇದ್ದದ್ದೆಲ್ಲ ಮಂಚದ ಮೇಲೆ ಬಂತು. ವಿಮಾನ ಮೂತಿ ಇಳಿಸಿದಂತೆ ಮಾಡಿ, ಮತ್ತೆ ಮೆಲ್ಲಗೆ ಅಂಡೂರಿತು.

"ಮನೆ ಪೂರ್ತಿ ನುಂಗ್ತಲ್ಲೇ ಇದು! ಮುಂದಿನ ಸರದಿ ನಂದೇ ಇರ್ಬೇಕು." ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಗ್ಬೇಡಿ ಅತ್ತೆ. ಇನ್ನೊಂದು ಚೂರು ಲೋಹ ಸಿಕ್ಕಿದ್ರೆ ಸಾಕಿತ್ತು..." ಎನ್ನುತ್ತ ಸೊಸೆ ತಲೆ ಎತ್ತಿದಳು. ನಗುವ ಬಾಯಲ್ಲಿ ಉಕ್ಕು ಮಿನುಗಿತು. ಅವಳು ತಟ್ಟನೆ ತಲೆ ತಗ್ಗಿಸಿದಳು.

"ಏನೇ ನೋಡಿದೆ?"

"ಏನಿಲ್ಲ."

"ಏನಿಲ್ಲ ಅಂತೆ! ನನ್ನ ಬಾಯಿ ನೋಡಿದೆ ನೀನು."

ಅತ್ತೆ ಎದ್ದು ನಲ್ಲಿಯತ್ತ ನಡೆದರು. ಸೆಟ್ಟು ಬಿಚ್ಚಿ, ತೊಳೆದು ಒರೆಸಿ ತಂದು, ಕೊಕ್ಕೆಯನ್ನು ಮೂತಿಯ ಪುಟ್ಟ ರೆಕ್ಕೆಗೆ ಸಿಕ್ಕಿಸಿದರು. ವಿಮಾನ ನಿಧಾನವಾಗಿ ತಲೆ ಬಾಗಿಸಿತು. ಮೂರು ಗಾಲಿಯೂ ಮೇಜಿಗೆ ತಾಗಿದವು.

"ನೋಡೇ! ಅದಕ್ಕಾದ್ರೂ ಹಿರಿಯರು ಅನ್ನೋ ಮರ್ಯಾದೆ ಇದೆ!" ಗಾಳಿ ಸೋರುವ ಬಾಯಲ್ಲಿ ಅತ್ತೆ ಕೂಗಿದರು.

ಸೊಸೆ ಕುಣಿಯಲು ಹೋಗಿ ತಡೆದುಕೊಂಡಳು. "ಬೇಡ ಅತ್ತೆ. ಸೆಟ್ಟು ಒಳಗೆ ಹೋಗ್ಬೇಕಂದ್ರೆ ಕತ್ತರಿಸ್ಬೇಕು. ಮತ್ತೆ ಕೂಡಿಸೋಕಾಗಲ್ಲ. ಸಿಳ್ಳೆ ಹೋಗತ್ತೆ."

ಅತ್ತೆ ಬರಿದಾದ ಒಸಡಿನ ಮೇಲೆ ಒಮ್ಮೆ ನಾಲಿಗೆ ಆಡಿಸಿದರು. "ನಾನೇನು ಇನ್ನು ಬಸ್ಸು ನಿಲ್ಲಿಸ್ಬೇಕಾ? ಇದು ನಿಂತ್ರೆ ಸಾಕು. ತಾಳು, ಕೊನೇದೊಂದು ಹೊಡೆದು ಕೊಡ್ತೀನಿ."

ಸೆಟ್ಟನ್ನು ಮತ್ತೆ ಬಾಯಿಗೆ ಸಿಕ್ಕಿಸಿಕೊಂಡು ಕಿಟಕಿಗೆ ಹೋದರು. ಎದೆ ತುಂಬ ಉಸಿರೆಳೆದು ಹೊಡೆದ ಸಿಳ್ಳೆಗೆ ಪಾರಿವಾಳಗಳು ಹಾರಿದವು, ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಬ್ರೇಕು ಹಾಕಿ ಹಿಂದೆ ನೋಡಿದ, ಎದುರುಮನೆಗಳ ಎರಡು ಬಾಗಿಲು ತೆರೆದವು. ಅತ್ತೆ ಕಿಟಕಿ ಮುಚ್ಚಿ ಸೆಟ್ಟನ್ನು ಸೊಸೆಯ ಅಂಗೈಗೆ ಹಾಕಿದರು. "ಹಲ್ಲನ್ನೂ ಬಿಡ್ಬೇಡ, ಎಲ್ಲಾ ಹಾಕು. ಮತ್ತೆ ಆ ಲೋಟ ಇತ್ತ ಕೊಡು. ನಾಲ್ಕು ಜನರೆದುರಿಗೆ ಬೋಳುಬಾಯಲ್ಲಿ ಬರ್ಲಾ?"

ಪ್ರದರ್ಶನದಲ್ಲಿ ವಿಮಾನ ಮೂರೂ ಗಾಲಿಯ ಮೇಲೆ ಠೀವಿಯಿಂದ ನಿಂತಿತ್ತು. ಸಂಘದ ಕಾರ್ಯದರ್ಶಿ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ. "ಇದನ್ನ ನಿಲ್ಲಿಸೋಕೆ ನಾವೆಲ್ಲ ಒದ್ದಾಡಿದ್ದೀವಿ. ಮೂತಿಯೊಳಗೆ ಏನು ಹಾಕಿದ್ರಿ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಶಾರ್ಕಿನ ಬಾಯಿಯತ್ತ ಬೆರಳು ಮಾಡಿದರು. "ಕಾಣ್ತಿಲ್ವೇನಪ್ಪಾ? ಹಲ್ಲು!"

ಅವನು ತಮಾಷೆಯೆಂದು ನಕ್ಕ. ಅತ್ತೆ ಸೊಸೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಸಂಜೆ ಮೊದಲ ಬಹುಮಾನಕ್ಕೆ ಸೊಸೆಯನ್ನು ಕರೆದಾಗ ಅತ್ತೆ ಅಭ್ಯಾಸಬಲದಿಂದ ತುಟಿ ಬಿಗಿದು ಊದಿದರು. ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದರು. ಆಮೇಲೆ ಎದ್ದು ನಿಂತು, ಮುಂದಿನ ಕುರ್ಚಿಯ ಬೆನ್ನು ಬಡಿಯುತ್ತ "ರೈಟ್! ರೈಟ್!" ಎಂದು ಸಭಾಂಗಣ ಅದುರುವಂತೆ ಕೂಗಿದರು.

ಆ ದಿನ ಆ ಮನೆಯಿಂದ ಹೋದದ್ದು ಇಷ್ಟು: ಮೊಳೆ ಮೂರು, ತಗಡು ಒಂದು, ಕೊಕ್ಕೆ ಎರಡು, ಹಲ್ಲು ಆರು, ಸಿಳ್ಳೆ ಒಂದು.